ನಡುನೀರಿನ ಮೀನು

"ಗುರುಗಳೇ, ನಾನು ಸುಳ್ಳು ಹೇಳುವವನಲ್ಲ. ಆದರೆ ನನಗೆ ತಿಳಿದದ್ದನ್ನು ಕೇಳಿದವರಿಗೆಲ್ಲ ಹೇಳಲೇಬೇಕೇ? ಸುಮ್ಮನಿದ್ದರೆ ಅದೂ ತಪ್ಪೇ?" ಎಂದು ಚೆನ್ನವೀರನೆಂಬ ಶಿಷ್ಯ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಒಂದು ಅಣೆಕಟ್ಟೆಯ ಹಿನ್ನೀರಿನ ದಡದಲ್ಲಿ ಒಬ್ಬ ಮೀನುಗಾರನಿದ್ದ. ತನ್ನ ಒಬ್ಬಳೇ ತಂಗಿಯನ್ನು ಅದೇ ಊರಿನ ಹುಲಿಗಪ್ಪನಿಗೆ ಕೊಟ್ಟಿದ್ದ. ಹುಲಿಗಪ್ಪನಿಗೂ ಮೀನೇ ಬದುಕು.

ಒಂದು ಬೇಸಿಗೆಯಲ್ಲಿ ಯಾರ ಬಲೆಗೂ ಮೀನು ಬೀಳದಾಯಿತು. ಮೇಲಿನ ನೀರು ಕಾದಿತ್ತು. ತಳದ ನೀರಿನಲ್ಲಿ ಮೀನಿಗೆ ಉಸಿರಾಡಲಾಗುತ್ತಿರಲಿಲ್ಲ. ಮೀನುಗಳು ಎರಡನ್ನೂ ಬಿಟ್ಟು ನಡುನೀರಿನಲ್ಲಿ ನಿಂತಿದ್ದವು. ಊರಿನವರು ಬಲೆಯನ್ನು ತಳಕ್ಕೆ ಇಳಿಬಿಡುತ್ತಿದ್ದರು, ಇಲ್ಲವೇ ಮೇಲೆ ತೇಲಿಬಿಡುತ್ತಿದ್ದರು. ಹೇಗೆ ಬಿಟ್ಟರೂ ಬಲೆ ಬರಿದಾಗಿ ಬರುತ್ತಿತ್ತು.

ಮೀನುಗಾರ ಪಟ್ಟಣಕ್ಕೆ ಹೋಗಿ ಒಂದು ಸೋನಾರ್ ಯಂತ್ರ ತಂದು ದೋಣಿಗೆ ಕಟ್ಟಿದ. ಅದು ಎಡಕ್ಕೂ ಬಲಕ್ಕೂ ನೀರಿನೊಳಗೆ ಶಬ್ದವನ್ನು ಕಳಿಸುತ್ತಿತ್ತು. ಮರಳಿ ಬಂದ ಶಬ್ದ ಪುಟ್ಟ ಪರದೆಯ ಮೇಲೆ ಚಿತ್ರವಾಗುತ್ತಿತ್ತು. ದೋಣಿ ಮೇಲೆ ಬಂದರೆ ಮೀನು ಪಕ್ಕಕ್ಕೆ ಸರಿಯುತ್ತದೆ. ಹಾಗೆ ಸರಿದದ್ದೂ ಈ ಯಂತ್ರಕ್ಕೆ ಕಾಣುತ್ತಿತ್ತು. ಮೊದಲು ಅವನಿಗೆ ಕಂಡದ್ದು ಅಕ್ಕಿನುಚ್ಚು ಚೆಲ್ಲಿದಂಥ ಬಿಳಿ ಚುಕ್ಕೆಗಳು ಮಾತ್ರ. ನೋಡುತ್ತ ನೋಡುತ್ತ ಅವೇ ಮೀನುಗಳೆಂದು ತಿಳಿಯಿತು. ಅವನು ಎಂಜಿನ್ ನಿಲ್ಲಿಸಿ, ದೂರದಿಂದಲೇ ಬಲೆಯನ್ನು ನಡುನೀರಿಗೆ ಇಳಿಸಿದ. ಬಲೆ ತುಂಬಿ ಬಂತು.

ಅಂದಿನಿಂದ ಬೇರೆಯವರ ಹರಿಗೋಲು ಹತ್ತಿರ ಬಂದರೆ ಅವನು ಪರದೆಯ ಮೇಲೆ ಗೋಣಿತಾಟು ಹೊದಿಸುತ್ತಿದ್ದ. ಎಲ್ಲರೂ ಬಂದರೆ ಹಿಂಡು ಚದುರೀತೆಂದು ಅವನ ಅಂಜಿಕೆ.

ಒಂದು ಬೆಳಗ್ಗೆ ಹುಲಿಗಪ್ಪ ಹರಿಗೋಲನ್ನು ದೋಣಿಯ ಪಕ್ಕಕ್ಕೆ ತಂದು ನಿಲ್ಲಿಸಿದ.

"ಭಾವ, ಮನೆಯಲ್ಲಿ ಗಂಜಿಗೂ ತತ್ವಾರವಾಗಿದೆ. ಮೀನು ಎಲ್ಲಿವೆ?"

ಮೀನುಗಾರ ಬಲೆ ಬಿಡಿಸುತ್ತಲೇ ಹೇಳಿದ: "ನೀರು ದೊಡ್ಡದಿದೆ. ಹುಡುಕು, ಸಿಗುತ್ತವೆ."

ಅವರಿಬ್ಬರೂ ನಿಂತಿದ್ದಲ್ಲಿಂದ ಕೂಗಳತೆಯಲ್ಲಿ ಒಂದು ದೊಡ್ಡ ಹಿಂಡು ಅಲುಗದೆ ನಿಂತಿತ್ತು. ಗೋಣಿತಾಟಿನ ಕೆಳಗೆ, ಪರದೆಯ ಮೇಲೆ ಅದು ಮೂಡಿಯೂ ಇತ್ತು.

ಹುಲಿಗಪ್ಪ ಹುಡುಕುತ್ತ ಹೋದ. ದಡದ ಹತ್ತಿರ ಸಿಗಲಿಲ್ಲ. ಹರಿಗೋಲುಗಳು ಹೋಗಬಾರದ ದೊಡ್ಡ ನೀರಿಗೆ ಹೋದ. ಮಧ್ಯಾಹ್ನ ಬಿರುಗಾಳಿ ಎದ್ದಿತು. ಸಂಜೆ ಅವನ ಹರಿಗೋಲು ಬೋರಲಾಗಿ ದಡಕ್ಕೆ ಬಂತು. ಅವನು ಬರಲಿಲ್ಲ.

ಮರುದಿನ ಊರಿನವರೆಲ್ಲ ಕೊಕ್ಕೆ ಇಳಿಸಿ ನೀರು ಜಾಲಾಡಿದರು. ಸಿಗಲಿಲ್ಲ. ಆಗ ಮೀನುಗಾರ ಗೋಣಿತಾಟನ್ನು ತೆಗೆದುಹಾಕಿ, ಎಲ್ಲರೆದುರು ಯಂತ್ರ ನಡೆಸಿದ. ದೋಣಿ ಮೆಲ್ಲಗೆ ಹೋಯಿತು. ಪರದೆಯ ಬಲಬದಿಯಲ್ಲಿ ಒಂದು ಆಕಾರ ಬಂತು. ಶಬ್ದಕ್ಕೆ ಅಡ್ಡ ಬಂದದ್ದರ ಹಿಂದೆ ಪರದೆಯಲ್ಲಿ ಕಪ್ಪು ನೆರಳು ಮೂಡುತ್ತದೆ. ನಡುನೀರಿನ ಮೀನಿಗೂ ತಳದಲ್ಲಿ ಬೀಳುವ ಅದರ ನೆರಳಿಗೂ ನಡುವೆ ಅಂತರ ಇರುತ್ತದೆ. ಈ ಆಕಾರಕ್ಕೆ ಅದರ ನೆರಳು ಅಂಟಿಕೊಂಡಿತ್ತು. ಅದು ತಳದಲ್ಲಿ ಮಲಗಿತ್ತು.

"ಇಲ್ಲಿ ಇಳಿಸಿರಿ" ಎಂದ. ಕೊಕ್ಕೆ ಒಂದೇ ಸಲಕ್ಕೆ ತಗುಲಿತು.

ಹೆಣವನ್ನು ದಡಕ್ಕೆ ತಂದರು. ತಂಗಿ ಅಳುವುದನ್ನು ನಿಲ್ಲಿಸಿ ಅಣ್ಣನ ಮುಖ ನೋಡಿದಳು.

"ಅಣ್ಣಾ, ನೀರೊಳಗಿರುವುದು ನಿನಗೆ ಕಾಣುತ್ತಿತ್ತೇ?"

"ಕಾಣುತ್ತಿತ್ತು" ಎಂದ.

ಅವಳು ಗಂಡನ ಕಡೆಗೆ ಮುಖ ತಿರುಗಿಸಿದಳು.

ಆಮೇಲೆ ಮೀನುಗಾರ ದಿನವೂ ದೋಣಿಯನ್ನು ಎಲ್ಲರ ಮುಂದೆ ನಡೆಸಿದ. ಹಿಂಡು ಯಾವ ಕಡೆಗಿದೆ, ಎಷ್ಟು ಆಳದಲ್ಲಿದೆ ಎಂದು ಕೂಗಿ ಹೇಳಿದ. ಆ ಬೇಸಿಗೆಯಲ್ಲಿ ಮತ್ತೆ ಯಾರ ಒಲೆಯೂ ಆರಲಿಲ್ಲ. ತಂಗಿಯ ಮನೆಗೂ ಮೀನು ಕಳಿಸುತ್ತಿದ್ದ. ಅದು ಹಾಗೆಯೇ ಹಿಂದಿರುಗಿ ಬರುತ್ತಿತ್ತು.

ಗುರುಗಳು ಕತೆ ನಿಲ್ಲಿಸಿದರು. ಚೆನ್ನವೀರ ಕೇಳಿದ:

"ಆದರೂ ಗುರುಗಳೇ, ಅವನು ಹೇಳಿದ ಮಾತಿನಲ್ಲಿ ಸುಳ್ಳಿರಲಿಲ್ಲ. ಹರಿಗೋಲನ್ನು ಮಗುಚಿದ್ದು ಗಾಳಿಯಲ್ಲವೇ?"

ಗುರುಗಳು ಹೇಳಿದರು: "ಮೀನು ಎಲ್ಲಿವೆ ಎಂದು ಹುಲಿಗಪ್ಪ ಕೇಳಿದ್ದು ಗಾಳಿಯನ್ನಲ್ಲ."