ನೀರುಗಂಟಿ ಮಾಳಿ ಒಣಗಿಸಿದ ಗದ್ದೆ

ಬಹಳ ಹಿಂದೆ, ನಮ್ಮ ತಾತನ ತಾತನಿಗೂ ಹಲ್ಲು ಬರದ ಕಾಲದಲ್ಲಿ, ಹಂದರಹಳ್ಳಿ ಅಂತ ಒಂದೂರು. ಊರ ಪಕ್ಕ ಹೊಳೆ, ಹೊಳೆಗೆ ಅಡ್ಡ ಕಲ್ಲಿನ ಕಟ್ಟೆ. ಕಟ್ಟೆಯ ಕಾಲುವೆ ಮೊದಲು ಹಂದರಹಳ್ಳಿಯ ಗದ್ದೆಗಳನ್ನು ನೆನೆಸಿ, ಆಮೇಲೆ ಕೆಳಗಿನ ಮುತ್ತುಗದಕೊಪ್ಪಲಿಗೆ ಹೋಗುತ್ತಿತ್ತು. ಎರಡೂರಿಗೂ ನೀರು ಹಂಚುವ ನೀರುಗಂಟಿ ಒಬ್ಬಳೇ, ಮಾಳಿ. ಗಂಡ ಸತ್ತ ಮೇಲೆ ಅವನ ಗುದ್ದಲಿ ಎತ್ತಿಕೊಂಡವಳು. ಬಾಳೆಗಿಡದಷ್ಟು ಎತ್ತರವಿದ್ದಳಂತೆ. ಇಲ್ಲ, ತೆಂಗಿನಮರದಷ್ಟು ಅಂತ ಕೊಪ್ಪಲಿನವರು ಹಟ ಹಿಡಿಯುತ್ತಾರೆ. ಇರಲಿ ಬಿಡಿ, ಎತ್ತರಕ್ಕೇನು ಬರವೇ?

ನೀರುಗಂಟಿಗೆ ಸ್ವಂತ ಗದ್ದೆ ಇರಬಾರದು ಅನ್ನುವುದು ಆಗಿನ ಕಟ್ಟಳೆ. ಇದ್ದರೆ ಗುದ್ದಲಿ ತನ್ನ ಕಡೆಗೇ ತಿರುಗುತ್ತದಲ್ಲ! ಸುಗ್ಗಿಯಲ್ಲಿ ಎರಡೂರಿನವರು ಅಳೆದು ಹಾಕಿದ ಕಾಳಿನಲ್ಲೇ ಅವಳ ಬದುಕು.

ಒಂದು ವರ್ಷ ಮಳೆ ಕೈಕೊಟ್ಟಿತು. ಹೊಳೆ ಸೊರಗತೊಡಗಿತು. ಹಂದರಹಳ್ಳಿಯ ಪಟೇಲ ಕರೀಗೌಡ ಮಾಳಿಯನ್ನು ಕರೆಸಿ, ಕಟ್ಟಳೆ ಮುರಿದು, ಕಾಲುವೆಗೆ ನೀರು ಬಿಡುವ ತೂಬಿನ ಬಾಯಲ್ಲೇ ಇದ್ದ ಮೊದಲ ಗದ್ದೆಯನ್ನು ಅವಳಿಗೆ ಬಿಟ್ಟುಕೊಟ್ಟನಂತೆ. ತನ್ನದೊಂದು ಗದ್ದೆಯಾದರೆ ಕೆಳಗಿನವರಿಗೆ ಇವಳು ನೀರು ಬಿಟ್ಟಾಳೆಯೇ ಅನ್ನುವುದು ಅವನ ಎಣಿಕೆ. ಮಾಳಿ ಬೇಡ ಅನ್ನಲಿಲ್ಲ. ಅವಳ ವಂಶದಲ್ಲಿ ಯಾರೂ ತಮ್ಮದು ಅಂತ ಅಂಗೈಯಗಲ ನೆಲ ಕಂಡವರಲ್ಲ. ಹಾಡಿಕೊಂಡು ನಾಟಿ ಹಾಕಿದಳು ಅಂತಾರೆ. ಪೈರು ಬೇರು ಹಿಡಿದದ್ದು ಕಂಡು ಬದುವಿನ ಮೇಲೆ ಕೂತು ಅತ್ತಳು ಅಂತಾರೆ.

ಅಷ್ಟರಲ್ಲಿ ಕೊಪ್ಪಲಿನ ದನಗಳು ಕಾಲುವೆಯ ಕೆಸರು ನೆಕ್ಕುತ್ತಿವೆ ಅಂತ ಸುದ್ದಿ ಬಂತು. ಮಾಳಿ ಎದ್ದಳು. ತನ್ನ ಗದ್ದೆಗೆ ನೀರು ನುಗ್ಗುವ ಕಂಡಿಗೆ ತಾನೇ ಮಣ್ಣು ಮೆತ್ತಿ, ಆ ನೀರನ್ನು ಕೆಳಕ್ಕೆ ಬಿಟ್ಟಳು. ಪಕ್ಕದಲ್ಲೇ ನೀರು ಹರಿಯುತ್ತಿತ್ತು, ಇತ್ತ ಪೈರು ಹಳದಿಯಾಯಿತು, ಆಮೇಲೆ ತರಗಾಯಿತು.

ಪಟೇಲ ಏದುಸಿರು ಬಿಡುತ್ತಾ ಬಂದ. "ಏನೇ ಮಾಳಿ, ತಲೆಗಿಲೆ ಕೆಟ್ಟದೇನೇ? ನಿನ್ನ ಪೈರೇ ಸಾಯ್ತಾ ಅದಲ್ಲೇ!"

"ಸಾಯ್ಲಿ ಬುಡಿ ಗೌಡ್ರೇ. ನಂದು ಒಣಗಿಸದೆ ನಿಮ್ಮದು ಒಣಗ್ಸಕ್ಕೆ ನಂಗೆ ಯಾವ ಮೊಕ ಇತ್ತು? ಕೊಪ್ಪಲಿಗೆ ಇಷ್ಟು ನೀರು ಸಾಲ್ದು, ನಾಳೆ ನಿಮ್ಮ ಗದ್ದೆ ಸರದಿ."

ಮಾರನೆಯ ದಿನ ಪಟೇಲ ತನ್ನ ಗದ್ದೆಯ ಕಂಡಿಗೆ ಆಳುಗಳನ್ನು ಕಾವಲು ನಿಲ್ಲಿಸಿದ. ಮಾಳಿ ಗುದ್ದಲಿ ಹೊತ್ತು ಅವರ ನಡುವೆಯೇ ನಡೆದಳಂತೆ. ಒಬ್ಬ ದೊಣ್ಣೆ ಎತ್ತಿದ.

"ಹೊಡೀ ಮಗ. ಆದ್ರೆ ನನ್ನ ಗದ್ದೆ ಕಡೆ ಒಂದ್ಸಲ ನೋಡ್ಕಂಡು ಹೊಡಿ."

ಅವನು ನೋಡಿದ. ಎಲ್ಲರೂ ನೋಡಿದರು. ದೊಣ್ಣೆಗಳು ಇಳಿದವು. ಪಟೇಲನೊಬ್ಬ ಕಂಡಿಗೆ ಅಡ್ಡ ನಿಂತ. ಮಾಳಿ ಅವನ ಕಾಲ ಮೇಲೇ ಮಣ್ಣು ಎಳೆಯತೊಡಗಿದಳು. ಮೊಣಕಾಲಿನವರೆಗೆ ಹೂತಳು ಅಂತ ಹಂದರಹಳ್ಳಿಯವರು, ಸೊಂಟದವರೆಗೆ ಅಂತ ಕೊಪ್ಪಲಿನವರು. ಅಂತೂ ಗೌಡ ಕಾಲು ಕಿತ್ತುಕೊಂಡು ದಡ ಹತ್ತಿದ. ಸಂಜೆಗೆ ಕೊಪ್ಪಲಿನ ದನ ಹೊಟ್ಟೆ ತುಂಬ ನೀರು ಕುಡಿದವು.

ಈಗಲೂ ಹೊಳೆ ಸೊರಗಿದ ವರ್ಷ ಮೊದಲು ಮುಚ್ಚುವುದು ತೂಬಿನ ಬಾಯಿಯ ಆ ಗದ್ದೆಯ ಕಂಡಿಯನ್ನೇ. ಪರವೂರಿನ ನೆಂಟರು ಯಾರಾದರೂ, "ನೀರ ಪಕ್ಕದಲ್ಲೇ ಪೈರು ಒಣಗಿಸಿಕೊಂಡಿದ್ದಾನಲ್ಲ, ಯಾವ ಸೋಮಾರಿಯದ್ರೀ ಇದು" ಅಂದರೆ ಸಾಕು, ಎರಡೂರಿನವರೂ ಒಟ್ಟಿಗೇ ಮೇಲೆ ಬೀಳುತ್ತಾರೆ: "ದನಿ ತಗ್ಗಿಸಿ ಮಾತಾಡಿ ಸ್ವಾಮಿ. ಅದು ಮಾಳಿ ಗದ್ದೆ."