ಬೆನ್ನು ತುರಿಸಿದ ಹಂದಿ ಮತ್ತು ಎರಡು ಬಾಗಿಲಿನ ಪುಸ್ತಕ

ಒಂದು ಕಾಡಿನಲ್ಲಿ ಒಂದು ಶಾಲೆ ಇತ್ತು. ಆ ಶಾಲೆಯನ್ನು ಕಟ್ಟಿಸಿದ್ದು ನಾನೇ. ಅಡಿಗಲ್ಲು ಇಟ್ಟದ್ದು, ಗೋಡೆ ಎಬ್ಬಿಸಿದ್ದು, ಉದ್ಘಾಟನೆಯ ದಿನ ಹುಲಿಯ ಕೈಗೆ ಕತ್ತರಿ ಕೊಟ್ಟು ರಿಬ್ಬನ್ ಕತ್ತರಿಸಲು ಹಚ್ಚಿದ್ದು, ಎಲ್ಲ ನಾನೇ. ಸರಿ, ಹಾಗೆ ನೋಡಬೇಡಿ, ಸುಳ್ಳು. ಕಟ್ಟಿದ್ದು ಗೆದ್ದಲು. ಹುಲಿ ಬರಲೇ ಇಲ್ಲ. ಆದರೆ ಶಾಲೆ ಇದ್ದದ್ದು ನಿಜ, ಶಾಲೆಗೊಂದು ಲೈಬ್ರರಿ ಇದ್ದದ್ದೂ ನಿಜ. ಮುಂದಿನದನ್ನೆಲ್ಲ ನೀವು ನಂಬಬಹುದು, ಹೆಚ್ಚುಕಡಿಮೆ.

ಲೈಬ್ರರಿ ಎಂದರೆ ಒಂದು ಮುದಿ ಮತ್ತಿಮರದ ಪೊಟರೆ. ಅದರೊಳಗೆ ತೇಗದ ಎಲೆಯ ಪುಸ್ತಕಗಳು. ಅವನ್ನು ಬರೆಯುತ್ತಿದ್ದವಳು ಮುಳ್ಳುಹಂದಿ ಸೂಜಕ್ಕ ಟೀಚರು. ತನ್ನ ಮೈಯಿಂದಲೇ ಒಂದು ಮುಳ್ಳು ಕಿತ್ತು ಎಲೆಯ ಮೇಲೆ ಅಕ್ಷರ ಕೊರೆಯುವಳು, ನಾರಿನಲ್ಲಿ ಹೊಲಿಯುವಳು. ಮರಿಗಳು ಒಯ್ದು ಓದಿ ತಂದಿಡುತ್ತಿದ್ದವು. ಜಿಂಕೆಮರಿ ಮಾತ್ರ ಓದಿ ಮುಗಿಸಿದ್ದನ್ನು ಮೆಲ್ಲಗೆ ತಿಂದುಬಿಡುತ್ತಿತ್ತು. ಶಾಲೆಯ ನೆರಳಿನಲ್ಲಿ ಯಾರೂ ಯಾರನ್ನೂ ಮುಟ್ಟುವಂತಿರಲಿಲ್ಲ. ನೆರಳಿನ ಆಚೆಯ ಮಾತು ಬೇರೆ.

ಆ ಕಾಡಿನಲ್ಲಿ ಒಂದು ಪದ್ಧತಿ ಇತ್ತು. ಹೊಸ ಪುಸ್ತಕ ಬಂದರೆ ಸೂಜಕ್ಕ ಅದನ್ನು ಮೊದಲು ಮತ್ತಿಮರದ ಬೇರಿನ ಮೇಲೆ ಇಡುವಳು. ಮರಿಗಳು ಅಲ್ಲೇ ಕೂತು ಓದಬಹುದು. ಯಾವ ತಂದೆತಾಯಿಗಾದರೂ ಆ ಪುಸ್ತಕ ಮಕ್ಕಳಿಗೆ ಬೇಡ ಅನ್ನಿಸಿದರೆ ಕೂಗಾಡಬೇಕಾಗಿರಲಿಲ್ಲ. ಬಂದು ಮರಕ್ಕೆ ಮೈ ಉಜ್ಜಿ ಹೋದರೆ ಸಾಕು. ಮೈವಾಸನೆ ತೊಗಟೆಗೆ ಅಂಟುತ್ತಿತ್ತು. ತಕರಾರು ಯಾರದೆಂದು ಮೂಸಿದವರಿಗೆಲ್ಲ ತಿಳಿಯುತ್ತಿತ್ತು. ಆಮೇಲೆ ಪುಸ್ತಕ ಪೊಟರೆಯೊಳಗೆ, ಅದರ ಬಾಯಿಗೊಂದು ಮುಳ್ಳಿನ ಕೊಂಬೆ. ಅಮಾವಾಸ್ಯೆಯ ದಿನ ಆನೆ ಅಜ್ಜಿ ಸಭೆ ಕರೆಯುವಳು. ಪುಸ್ತಕ ಮಕ್ಕಳ ಕೈಗೆ ವಾಪಸ್ಸು ಹೋಗಬೇಕೋ ಹೊಳೆಯ ಪಾಲಾಗಬೇಕೋ ಎಂದು ಅಲ್ಲಿ ತೀರ್ಮಾನವಾಗುತ್ತಿತ್ತು.

ಕಾಡುಹಂದಿ ಕೆಸರಪ್ಪನಿಗೆ ಈ ಪದ್ಧತಿ ಗೊತ್ತಿತ್ತು. ಗೊತ್ತಿದ್ದೂ ಮರೆತಿದ್ದ. ಒಂದು ದಿನ ಬೆಳಿಗ್ಗೆ ಮಗಳು ಗೆಣಸಿಯನ್ನು ಶಾಲೆಗೆ ಬಿಡಲು ಬಂದ. ಹಿಂದಿನ ದಿನ ಹೊರಳಾಡಿದ ಕೆಸರು ಬೆನ್ನ ಮೇಲೆ ಒಣಗಿ ಬಿರಿದಿತ್ತು. ತುರಿಕೆ ಅಂದರೆ ಅಂಥಿಂಥ ತುರಿಕೆಯಲ್ಲ. ಎದುರಿಗೆ ಮೊಸಳೆಯ ಬೆನ್ನಿನಂಥ ತೊಗಟೆಯ ಮತ್ತಿಮರ. ಕೆಸರಪ್ಪ ಹಿಂದೆಮುಂದೆ ನೋಡಲಿಲ್ಲ. ಬೆನ್ನು ಕೊಟ್ಟು, ಕಣ್ಣು ಮುಚ್ಚಿ, ಹಾಯಾಗಿ ಉಜ್ಜಿಕೊಂಡ.

ಕಣ್ಣು ಬಿಟ್ಟಾಗ ಎದುರಿಗೆ ನರಿ ಮೆಲ್ಲಣ್ಣ ಕೈಮುಗಿದು ನಿಂತಿದ್ದ.

"ಎಂಥಾ ಎದೆಗಾರಿಕೆ ಅಣ್ಣ ನಿಮ್ಮದು. ನಾವೆಲ್ಲ ಒಳಗೊಳಗೇ ಕುದೀತಿದ್ವಿ. ನೀವು ಮಾಡಿ ತೋರಿಸಿದ್ರಿ."

ಏನು ಮಾಡಿದೆ ಎಂದು ಕೆಸರಪ್ಪನಿಗೆ ಅರ್ಥವಾಗಲಿಲ್ಲ. ಕೆಳಗೆ ನೋಡಿದ. ಬೇರಿನ ಮೇಲೆ ಹೊಸ ಪುಸ್ತಕ ಇತ್ತು. ಮೇಲೆ 'ಬಿಲಕ್ಕೆ ಎರಡು ಬಾಗಿಲು' ಎಂದು ಬರೆದಿತ್ತು. ಅದನ್ನು ಹಿಡಿದು ಕೂತಿದ್ದವಳು ಅವನ ಮಗಳು ಗೆಣಸಿ. ಪಕ್ಕದಲ್ಲಿ ಅವಳ ಗೆಳತಿ, ಮೊಲದ ಮರಿ ಬಿಳುಪಿ. ಇಬ್ಬರೂ ಅರ್ಧ ಓದಿ ನಿಲ್ಲಿಸಿ ಅವನನ್ನೇ ನೋಡುತ್ತಿದ್ದರು. ಸೂಜಕ್ಕ ಬಂದು ಪುಸ್ತಕ ಎತ್ತಿಕೊಂಡು ಹೋದಳು.

ತುರಿಕೆ ಎಂದು ಆಗಲೇ ಹೇಳಿಬಿಡಬಹುದಿತ್ತು. ಕೆಸರಪ್ಪ ಬಾಯಿಯನ್ನೂ ತೆರೆದ. ಅಷ್ಟರಲ್ಲಿ ಮೆಲ್ಲಣ್ಣ ಅವನ ಕೊರಳಿಗೆ ಕಾಡುಮಲ್ಲಿಗೆಯ ಹಾರ ಹಾಕಿದ. ಹುಟ್ಟಿದಾಗಿನಿಂದ ಕೆಸರಪ್ಪನನ್ನು ಯಾರೂ ಅಣ್ಣ ಎಂದು ಕರೆದಿರಲಿಲ್ಲ, ಹಾರದ ಮಾತಂತೂ ದೂರವೇ ಉಳಿಯಿತು. ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು.

ಸಂಜೆಯೊಳಗೆ ಸುದ್ದಿ ಕಾಡೆಲ್ಲ ಹಬ್ಬಿತು. ಕೆಸರಪ್ಪನಂಥವನೇ ಮೈ ಉಜ್ಜಿದ್ದಾನೆಂದರೆ ಪುಸ್ತಕದಲ್ಲಿ ಏನೋ ಇರಲೇಬೇಕು ಎಂದು ಎಲ್ಲರೂ ಮಾತಾಡಿಕೊಂಡರು. ಮಂಗ ಬಂದು ಮೈ ಉಜ್ಜಿತು. ಮುಂಗುಸಿ ಉಜ್ಜಿತು. ಬಿಳುಪಿಯ ತಾಯಿ ಕಿವಿಯಕ್ಕ ಕೂಡ ಅಳುಕುತ್ತ ಬಂದು ಒಂದು ಸಲ ಒರಗಿ ಹೋದಳು. ಮತ್ತಿಮರದ ಬುಡ ನುಣ್ಣಗಾಯಿತು.

ಆ ದಿನ ಗೆಣಸಿ ಮನೆಗೆ ಬಂದವಳು ಅಪ್ಪನ ಜೊತೆ ಮಾತಾಡಲಿಲ್ಲ. ಮೂತಿ ಗೋಡೆಗೆ ತಿರುಗಿಸಿ ಮಲಗಿದಳು. ಹೆಂಡತಿ ಇಲ್ಲದ ಮನೆ. ಮಾತಾಡುವುದಕ್ಕೆ ಇದ್ದವಳು ಅವಳೊಬ್ಬಳೇ. ಕೆಸರಪ್ಪನಿಗೆ ಹಾರ ಭಾರವಾಯಿತು. ತಾನು ಬೇಡವೆಂದ ಪುಸ್ತಕದಲ್ಲಿ ಇರುವುದಾದರೂ ಏನು ಎಂದು ತಿಳಿದುಕೊಳ್ಳೋಣವೆಂದು ಹೊರಟ.

ಮಂಗ ಹೇಳಿತು, ಅದು ಮರಿಗಳಿಗೆ ಹಿರಿಯರ ಮಾತು ಮೀರಲು ಕಲಿಸುವ ಪುಸ್ತಕ. ಓದಿದ್ದೀಯಾ ಎಂದರೆ, ಓದಿ ಕೆಡುವಷ್ಟು ದಡ್ಡ ತಾನಲ್ಲ ಎಂದಿತು. ಮುಂಗುಸಿ ಹೇಳಿತು, ಅದರಲ್ಲಿ ಹಾವುಗಳನ್ನು ಹೊಗಳಿದ್ದಾರಂತೆ. ಕಿವಿಯಕ್ಕ ಹೇಳಿದಳು, ಮಕ್ಕಳು ಮನೆ ಬಿಟ್ಟು ಓಡಿಹೋಗುವುದು ಹೇಗೆಂದು ಅದರಲ್ಲಿ ಬರೆದಿದೆಯಂತೆ. ಹೇಳುವಾಗ ಅವಳ ಕಣ್ಣು ತುಂಬಿತು. ಆ ವರ್ಷ ಕಾಡಿನಲ್ಲಿ ಮೊಲದ ಮರಿಗಳು ಒಂದೊಂದಾಗಿ ಕಾಣೆಯಾಗುತ್ತಿದ್ದವು. ಕಿವಿಯಕ್ಕನ ಮಕ್ಕಳಲ್ಲಿ ಉಳಿದಿದ್ದವಳು ಬಿಳುಪಿ ಒಬ್ಬಳೇ. ಹದ್ದು ಹೊತ್ತೊಯ್ಯುತ್ತಿದೆ ಎಂದು ಎಲ್ಲರೂ ಹೇಳುತ್ತಿದ್ದರು.

ಕೆಸರಪ್ಪ ತಲೆ ಕೆರೆದುಕೊಂಡ. ಒಂದೇ ಪುಸ್ತಕ. ಅದರಲ್ಲಿ ಮಾತು ಮೀರುವುದೂ ಇದೆ, ಹಾವೂ ಇದೆ, ಓಡಿಹೋಗುವುದೂ ಇದೆ. ಅಷ್ಟೆಲ್ಲ ಹಿಡಿಸುವಷ್ಟು ದಪ್ಪ ಪುಸ್ತಕವಾಗಿ ಅವನಿಗೆ ಕಂಡಿರಲಿಲ್ಲ. ನಿಮಗೆ ಯಾರು ಹೇಳಿದರು ಎಂದು ಕೇಳಿದ್ದಕ್ಕೆ ಮೂವರೂ ಹೇಳಿದ್ದು ಒಂದೇ: ಮೆಲ್ಲಣ್ಣ. ಪಾಪ, ಮಕ್ಕಳ ಮೇಲೆ ಅವನಿಗಿರುವ ಕಾಳಜಿ ಯಾರಿಗಿದೆ ಎಂದೂ ಸೇರಿಸಿದರು.

ಕಡೆಗೆ ಮಗಳನ್ನೇ ಕೇಳಿದ. ಗೋಡೆಯ ಕಡೆ ತಿರುಗಿದ್ದ ಮೂತಿ ಅರ್ಧ ಈಚೆ ಬಂತು.

"ಅದ್ರಲ್ಲಿ ಏನೂ ಇಲ್ಲ ಅಪ್ಪಾ. ಬಿಲದಲ್ಲಿ ಇರೋರು ಹಿಂದ್ಗಡೆನೂ ಒಂದು ಬಾಗಿಲು ತೋಡಬೇಕು ಅಂತಿದೆ. ಬಿಳುಪಿ ಮನೇಲಿ ನಾನೇ ಮೂತೀಲಿ ತೋಡಿಕೊಡ್ತಿದ್ದೆ. ಮಣ್ಣು ಕುಸೀದ ಹಾಗೆ ಹೇಗೆ ತೋಡೋದು ಅನ್ನೋದು ಕೊನೇ ಪುಟದಲ್ಲಿತ್ತು. ಅಲ್ಲಿಗೆ ಬರೋದ್ರೊಳಗೆ ನೀನು ಉಜ್ಜಿಬಿಟ್ಟೆ."

ಕೆಸರಪ್ಪನಿಗೆ ಇನ್ನೂ ಗೊಂದಲವಾಯಿತು. ತೋಡುವುದರಲ್ಲಿ ತಪ್ಪೇನಿದೆ? ಅವನ ವಂಶಕ್ಕೆ ವಂಶವೇ ಅಗೆದು ತಿಂದು ಬದುಕಿದ್ದು. ಅಪ್ಪ ಅಗೆದಿದ್ದ, ಅಜ್ಜ ಅಗೆದಿದ್ದ. ಅಂದರೆ ತಾನು ತಕರಾರು ಮಾಡಿದ್ದು ತನ್ನ ಅಜ್ಜನ ಮೇಲೆಯೇ? ಹಾಗಾದರೆ ಹಾರ ಯಾಕೆ ಹಾಕಿದರು? ಎಷ್ಟು ಯೋಚಿಸಿದರೂ ಒಂದು ಕಡೆಯಿಂದ ಹೊಕ್ಕ ಯೋಚನೆ ಹೊರಗೆ ಬರಲು ದಾರಿ ಸಿಗದೆ ತಲೆಯೊಳಗೇ ಸುತ್ತುತ್ತಿತ್ತು.

ಅಮಾವಾಸ್ಯೆ ಬಂತು. ಹೊಳೆಯ ದಂಡೆಯಲ್ಲಿ ಸಭೆ ಸೇರಿತು. ಆನೆ ಅಜ್ಜಿ ನಡುವೆ ನಿಂತಳು. ಅವಳ ಕಾಲಿನ ಹತ್ತಿರ ಪುಸ್ತಕ, ಎರಡು ಹೆಜ್ಜೆ ಆಚೆಗೆ ನೀರು. ಸೂಜಕ್ಕ ಮುಳ್ಳೆಲ್ಲ ಇಳಿಬಿಟ್ಟು ಕೂತಿದ್ದಳು. ಮರಿಗಳು ಒಂದು ಕಡೆ, ದೊಡ್ಡವರು ಒಂದು ಕಡೆ. ಮೆಲ್ಲಣ್ಣ ಎಲ್ಲರಿಗೂ ಜಾಗ ಮಾಡಿಕೊಡುತ್ತ, ಮುದುಕರ ಕೈ ಹಿಡಿದು ಕೂರಿಸುತ್ತ ಓಡಾಡುತ್ತಿದ್ದ. ಮದುವೆ ಮನೆಯಲ್ಲಿ ಹೆಣ್ಣಿನ ಸೋದರಮಾವ ಓಡಾಡುವುದಿಲ್ಲವೇ, ಹಾಗೆ.

ಮೊದಲು ಉಜ್ಜಿದವನು ಮೊದಲು ಮಾತಾಡಬೇಕು ಎಂಬುದು ಸಭೆಯ ಕ್ರಮ. ಆನೆ ಅಜ್ಜಿ ಸೊಂಡಿಲು ಎತ್ತಿ ಕೆಸರಪ್ಪನ ಕಡೆ ತೋರಿಸಿದಳು. ಪುಸ್ತಕದಲ್ಲಿ ನಿನಗೆ ಕಂಡ ದೋಷ ಏನಪ್ಪ ಎಂದು ಕೇಳಿದಳು.

ಕೆಸರಪ್ಪ ಎದ್ದು ನಿಂತ. ಕಾಡಿಗೆ ಕಾಡೇ ಅವನ ಬಾಯಿ ನೋಡುತ್ತಿತ್ತು. ಮೆಲ್ಲಣ್ಣ ಹಿಂದಿನಿಂದ ಪಿಸುಗುಟ್ಟಿದ, ಮಕ್ಕಳ ಭವಿಷ್ಯ ಅಂದುಬಿಡಿ ಅಣ್ಣ, ಸಾಕು. ಮರಿಗಳ ಗುಂಪಿನಲ್ಲಿ ಗೆಣಸಿ ಅಪ್ಪನನ್ನು ನೋಡದೆ ಪುಸ್ತಕವನ್ನೇ ನೋಡುತ್ತಿದ್ದಳು. ಅದು ನೀರಿಗೆ ಬಿದ್ದರೆ ಈ ಹುಡುಗಿ ಇನ್ನು ತನ್ನ ಕಡೆ ತಿರುಗುವುದಿಲ್ಲ ಎಂಬುದೊಂದು ಮಾತ್ರ ಕೆಸರಪ್ಪನಿಗೆ ಯಾವ ಗೊಂದಲವೂ ಇಲ್ಲದೆ ಗೊತ್ತಾಯಿತು.

"ಅಜ್ಜಿ, ನನಗೆ ಬೆನ್ನು ತುರಿಸ್ತಿತ್ತು," ಅಂದ.

ಮೊದಲು ಮಂಗ ನಕ್ಕಿತು, ಅದನ್ನು ನೋಡಿ ಎಲ್ಲರೂ ನಕ್ಕರು. ಹೊಟ್ಟೆ ಹಿಡಿದುಕೊಂಡು ನಕ್ಕರು. ಕೆಸರಪ್ಪನ ಕಿವಿ ಕೆಂಪಾಯಿತು. ಹಾರವನ್ನು ತೆಗೆದು ಎಲ್ಲಿ ಇಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡ. ಸ್ವಲ್ಪ ಹೊತ್ತಾದ ಮೇಲೆ ಅದನ್ನು ತಿಂದ.

ಮೆಲ್ಲಣ್ಣ ಬಿಡುವವನಲ್ಲ. ಒಬ್ಬನ ತುರಿಕೆಯಿಂದ ಉಳಿದವರ ನೋವು ಸುಳ್ಳಾಗುವುದಿಲ್ಲ ಎಂದು ನಯವಾಗಿ ಹೇಳಿದ. ಆನೆ ಅಜ್ಜಿ ಹೌದಪ್ಪ ಎಂದು ಉಳಿದವರನ್ನೂ ಕೇಳಿದಳು. ಮಂಗ ಓದಿರಲಿಲ್ಲ. ಮುಂಗುಸಿಯೂ ಓದಿರಲಿಲ್ಲ. ಕಿವಿಯಕ್ಕ ತಲೆ ತಗ್ಗಿಸಿದಳು. ಎಲ್ಲರ ಕಣ್ಣೂ ಮೆಲ್ಲಣ್ಣನ ಕಡೆ ಹೋಯಿತು.

"ನೀನಾದ್ರೂ ಓದಿದೀಯೇನಪ್ಪ?" ಅಜ್ಜಿ ಕೇಳಿದಳು.

ಓದಿದ್ದ. ಮೊದಲ ಎಲೆಯಿಂದ ಕೊನೆಯ ಎಲೆವರೆಗೂ ಓದಿದ್ದ. ಕಾಡಿನ ದೊಡ್ಡವರಲ್ಲಿ ಓದಿದ್ದವನು ಅವನೊಬ್ಬನೇ. ಎದೆಯ ಮೇಲೆ ಕೈಯಿಟ್ಟು, ದನಿ ತಗ್ಗಿಸಿ, ಅತಿಥಿ ಸತ್ಕಾರ ಎಂಬುದು ಈ ಕಾಡಿನ ಹಳೆಯ ಸಂಸ್ಕಾರ ಎಂದು ಶುರುಮಾಡಿದ. ಮುಂಬಾಗಿಲಿಗೆ ಅತಿಥಿ ಬಂದು ನಿಂತಿರುತ್ತಾನೆ. ಒಳಗಿನ ಮಕ್ಕಳು ಹಿಂಬಾಗಿಲಿನಿಂದ ಹೊರಟುಹೋಗುತ್ತವೆ. ಬಂದವನು ಕಾದು ಕಾದು ಬರಿಹೊಟ್ಟೆಯಲ್ಲಿ ವಾಪಸ್ಸು ಹೋಗಬೇಕು. ಇಂಥದ್ದನ್ನು ಮಕ್ಕಳಿಗೆ ಕಲಿಸುವುದೇ? ಇದು ಯಾವ ನ್ಯಾಯ? ಹೇಳುತ್ತ ಹೇಳುತ್ತ ಬಾಲದ ತುದಿಯಿಂದ ಕಣ್ಣು ಒತ್ತಿಕೊಂಡ. ಕೇಳುತ್ತಿದ್ದವರಲ್ಲಿ ಇಬ್ಬರು ಕಣ್ಣು ಒರೆಸಿಕೊಂಡರು.

ಕೆಸರಪ್ಪ ಇನ್ನೂ ನಿಂತೇ ಇದ್ದ. ಕೂರು ಎಂದು ಯಾರೂ ಹೇಳಿರಲಿಲ್ಲ. ಅವನಿಗೆ ಒಂದು ವಿಷಯ ಹೊಂದಲಿಲ್ಲ. ಜಾಣತನದಿಂದ ಕೇಳಿದ್ದಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳಿದ.

"ಮೆಲ್ಲಣ್ಣ, ಮೊಲದ ಬಿಲಕ್ಕೆ ಊಟಕ್ಕೆ ಬರೋ ಅತಿಥಿ ಯಾರು? ಹುಲ್ಲು ಹೊರಗೇ ಇದೆಯಲ್ಲ?"

ಮೆಲ್ಲಣ್ಣ ಪಕ್ಕದ ಮುದುಕನ ಕೈ ಹಿಡಿದು ಇನ್ನೊಮ್ಮೆ ಕೂರಿಸಲು ಹೋದ, ಅವನು ಆಗಲೇ ಕೂತಿದ್ದ.

ಕಿವಿಯಕ್ಕ ಮೆಲ್ಲಗೆ ಎದ್ದಳು. ಯಾವತ್ತೂ ಸಭೆಯಲ್ಲಿ ದನಿ ಎತ್ತಿದವಳಲ್ಲ. ಬಿಳುಪಿಯನ್ನು ಹಿಂದಕ್ಕೆ ಎಳೆದುಕೊಂಡು ನರಿಯ ಮುಖವನ್ನೇ ನೋಡಿದಳು.

"ಹದ್ದು ಮೇಲಿಂದ ಬರುತ್ತೆ," ಅಂದಳು. "ಹದ್ದು ಬಾಗಿಲಲ್ಲಿ ನಿಂತು ಕಾಯೋದಿಲ್ಲ."

ಯಾರೂ ನಗಲಿಲ್ಲ. ಹದ್ದಿನ ಕಥೆಯನ್ನು ತಮಗೆ ಮೊದಲು ಹೇಳಿದವನು ಯಾರು ಎಂದು ಒಬ್ಬೊಬ್ಬರಿಗೂ ನೆನಪಾಗತೊಡಗಿತು. ಮೆಲ್ಲಣ್ಣನ ಪಕ್ಕ ಕೂತಿದ್ದವರು ಸ್ವಲ್ಪ ಸರಿದರು. ಅವರ ಪಕ್ಕದವರೂ ಸರಿದರು. ಆಗಷ್ಟೇ ಎಲ್ಲರಿಗೂ ಜಾಗ ಮಾಡಿಕೊಟ್ಟಿದ್ದವನ ಸುತ್ತ ಈಗ ಬೇಕಾದಷ್ಟು ಜಾಗವಾಯಿತು.

ಆನೆ ಅಜ್ಜಿ ಪುಸ್ತಕವನ್ನು ಸೊಂಡಿಲಿನಿಂದ ಎತ್ತಿ ಸೂಜಕ್ಕನ ಕೈಗೆ ಕೊಟ್ಟಳು. ಇಲ್ಲೇ, ಎಲ್ಲರೂ ಕೇಳುವ ಹಾಗೆ, ಮೊದಲಿನಿಂದ ಓದು ಎಂದಳು. ಸೂಜಕ್ಕ ಓದಿದಳು. ಹಾವಿನ ಹೊಗಳಿಕೆ ಇರಲಿಲ್ಲ. ಮಾತು ಮೀರುವ ಪಾಠವೂ ಇರಲಿಲ್ಲ. ಕೊನೆಯ ಪುಟ ಬಂದಾಗ ಗೆಣಸಿ ಬಂದು ಅಪ್ಪನ ಮುಂಗಾಲಿಗೆ ಒರಗಿ ಕೂತಳು. ಇನ್ನು ಮೇಲೆ ತುರಿಸಿದರೆ ಹೊಳೆ ಹತ್ತಿರದ ಬಂಡೆಗೆ ಹೋಗು ಎಂದು ಮಾತ್ರ ಹೇಳಿದಳು. ಕೆಸರಪ್ಪ ಹೂಂ ಅಂದ.

ಅದೇ ದಿನ ಸಂಜೆಯೊಳಗೆ ಕಾಡಿನ ಬಿಲಗಳಿಗೆಲ್ಲ ಹಿಂಬಾಗಿಲು ಬಂತು. ಕೆಸರಪ್ಪ ಮೂತಿ ನೋಯುವವರೆಗೂ ಅಗೆದ. ಮುಂಬಾಗಿಲು ಯಾವುದು ಹಿಂಬಾಗಿಲು ಯಾವುದು ಎಂದು ತಿಳಿಯದೆ ಮುಂಗುಸಿಯ ಮನೆಗೆ ಮೂರು ಬಾಗಿಲು ಮಾಡಿಟ್ಟ. ಆ ವರ್ಷ ಮತ್ತೆ ಒಂದು ಮೊಲದ ಮರಿಯೂ ಕಾಣೆಯಾಗಲಿಲ್ಲ.

ಮೆಲ್ಲಣ್ಣ ಒಂದು ಬೆಳಿಗ್ಗೆ ಕಿವಿಯಕ್ಕನ ಬಾಗಿಲಲ್ಲಿ ಕೂತ. ಬಿಸಿಲು ನೆತ್ತಿಗೆ ಬಂತು, ಇಳಿಯಿತು. ಒಳಗಿನಿಂದ ಉಸಿರಿನ ಸದ್ದೂ ಬರಲಿಲ್ಲ. ಬಿಳುಪಿ ಬೆಳಿಗ್ಗೆಯೇ ಹಿಂಬಾಗಿಲಿನಿಂದ ಹೊರಟು ಶಾಲೆಯಲ್ಲಿ ಪಾಠ ಓದುತ್ತಿದ್ದಳು. ಹೊಟ್ಟೆ ಬೆನ್ನಿಗೆ ಹತ್ತಿಸಿಕೊಂಡು ಅವನು ಮನೆಗೆ ಬಂದ. ಈ ಹಾಳು ಓದಿನಿಂದಲೇ ಇಷ್ಟೆಲ್ಲ ಆದದ್ದು, ತನ್ನ ಮರಿಗಳಾದರೂ ಆ ಮರದ ಹತ್ತಿರ ಸುಳಿಯಬಾರದು ಎಂದು ತೀರ್ಮಾನಿಸಿದ. ಮರುದಿನ ಬೆಳಿಗ್ಗೆ ಸ್ವಂತ ಗುಹೆಯ ಬಾಗಿಲಿಗೆ ಅಡ್ಡ ಮಲಗಿ ಕಾವಲು ಕಾದ. ಒಂದು ಮರಿಯೂ ತನ್ನನ್ನು ದಾಟಿ ಹೋಗಲಿಲ್ಲ ಎಂದು ಅವನಿಗೆ ಬಹಳ ಸಮಾಧಾನವಾಯಿತು. ಮಧ್ಯಾಹ್ನ ಒಳಗೆ ಹೋಗಿ ಮಕ್ಕಳನ್ನು ಕರೆದ. ಗುಹೆ ಖಾಲಿ. ಹಿಂದಿನ ಗೋಡೆಯಲ್ಲಿ ಹೊಸ ಬಾಗಿಲು, ಅದರಿಂದ ಒಳಗೆ ಬಿಸಿಲು. ಮಣ್ಣು ಒಂದು ಚೂರೂ ಕುಸಿಯದ ಹಾಗೆ, ಪುಸ್ತಕದ ಕೊನೆಯ ಪುಟದಲ್ಲಿ ಹೇಳಿದಂತೆಯೇ ತೋಡಿದ್ದರು.

ನೀತಿ: ಮಕ್ಕಳ ಕೈಯಿಂದ ಒಂದು ಪುಸ್ತಕ ಕಿತ್ತುಕೊಳ್ಳಿ ಎಂದು ಯಾರಾದರೂ ಹೇಳಿದರೆ, ಮೊದಲು ಆ ಪುಸ್ತಕವನ್ನು ನೀವೇ ಓದಿ, ಆಮೇಲೆ ಅದು ಇಲ್ಲದೆ ಹೋದರೆ ಹೊಟ್ಟೆ ತುಂಬುವುದು ಯಾರದು ಎಂದು ಕೇಳಿ.

ಕೇಳಿದಿರಲ್ಲ, ಇನ್ನು ಏಳೋಣ. ನನ್ನ ಟೀ ದುಡ್ಡೂ ಸೇರಿಸಿ ನೀವೇ ಕೊಟ್ಟುಬಿಡಿ.