ಬಾಣಂತಿಯ ಕಾವಲು

ತುಂಗಭದ್ರೆಯ ದಂಡೆಯಲ್ಲಿ ಸಿದ್ಧಮ್ಮತಾಯಿಯ ಆಶ್ರಮವಿತ್ತು. ಅವರ ಶಿಷ್ಯೆ ದಾನಮ್ಮ.

ಮಾಘದ ಚಳಿಯಲ್ಲಿ ಒಂದು ಬೆಳಿಗ್ಗೆ ತುಂಬು ಬಸುರಿಯೊಬ್ಬಳು ಬಾಗಿಲಿಗೆ ಬಂದಳು. ಹೆಸರು ಹುಲಿಗೆವ್ವ. ತವರಿಗೆ ಹೊರಟಿದ್ದೆವು, ದಾರಿಯಲ್ಲೇ ನೋವು ಬಂತು, ಗಂಡ ಗಾಡಿ ತರಲು ಹೋಗಿದ್ದಾನೆ ಎಂದಳು.

ದಾನಮ್ಮ ದಾರಿಯತ್ತ ನೋಡಿದಳು. ಗಂಡನೂ ಕಾಣಲಿಲ್ಲ, ಗಾಡಿಯೂ ಕಾಣಲಿಲ್ಲ.

ಬಿಸಿಲು ಏರುವ ಹೊತ್ತಿಗೆ ಹೆರಿಗೆಯಾಯಿತು. ಮಗು ನೀಲಿಗಟ್ಟಿತ್ತು. ಸಿದ್ಧಮ್ಮತಾಯಿ ಬಟ್ಟೆಯಿಂದ ಅದರ ಬೆನ್ನು ಉಜ್ಜಿದರು. ಅದು ಬಾಯಿ ತೆರೆದು ಅತ್ತಿತು. ಅಳುತ್ತ ಅಳುತ್ತ ಮೈ ಕೆಂಪಾಯಿತು. ಅಂಗೈ, ಅಂಗಾಲು ಮಾತ್ರ ನೀಲಿಯಾಗಿಯೇ ಇದ್ದವು.

ದಾನಮ್ಮ ಗುರುವನ್ನು ಹೊರಗೆ ಕರೆದಳು.

"ಅಮ್ಮಾ, ಇವಳು ಬಸುರಿಯಾಗಿದ್ದಾಗ ಏನೋ ಕುಡಿದಿದ್ದಾಳೆ. ಮಗುವಿನ ಕೈಕಾಲು ನೋಡಿದಿರಾ?"

"ಗಾಳಿ ಈಗಷ್ಟೇ ಒಳಗೆ ಹೋಗಿದೆ. ತುದಿ ಮುಟ್ಟಲು ಹೊತ್ತು ಬೇಡವೇ?"

ಸ್ವಲ್ಪ ಹೊತ್ತಿಗೆ ದಾನಮ್ಮ ಮತ್ತೆ ಬಂದಳು.

"ಅವಳು ಕುಡಿಸುತ್ತಿರುವುದು ಹಾಲೇ ಅಲ್ಲ. ಹಳದಿ ಬಣ್ಣ, ಅಂಟಂಟು. ಅದೂ ನಾಲ್ಕೇ ಹನಿ."

"ಮೊದಲ ಹಾಲು ಹಾಗೇ. ಮಗುವಿನ ಹೊಟ್ಟೆ ಎಷ್ಟು ದೊಡ್ಡದು?" ಎಂದರು ಸಿದ್ಧಮ್ಮತಾಯಿ.

ಮೂರನೆಯ ಸಲ ಬಂದಾಗ ಅವಳ ದನಿ ತಗ್ಗಿತ್ತು.

"ಮಗುವಿನ ಉಸಿರು ನಿಲ್ಲುತ್ತದೆ. ಆಮೇಲೆ ಒಮ್ಮೆಲೇ ಓಡುತ್ತದೆ. ಯಾರೂ ನೋಡದಾಗ ಅವಳು ಮೂಗು ಮುಚ್ಚುತ್ತಾಳೋ ಏನೋ."

"ನೀನು ಪ್ರಾಣಾಯಾಮ ಶುರುಮಾಡಿ ಎಷ್ಟು ವರ್ಷವಾಯಿತು?"

"ಹತ್ತು."

"ಹಿಡಿತ ಸಿಕ್ಕಿತೇ?"

"ಇನ್ನೂ ಇಲ್ಲ."

"ಆ ಮಗು ಇವತ್ತು ಶುರುಮಾಡಿದೆ."

ದಾನಮ್ಮನಿಗೆ ಸಮಾಧಾನವಾಗಲಿಲ್ಲ. ಹುಲಿಗೆವ್ವ ಮತ್ತೆ ಮತ್ತೆ ಕಿಟಕಿಯಿಂದ ದಾರಿ ನೋಡುತ್ತಿದ್ದಳು. ಮಗುವಿಗೆ ಏನಾದರೂ ಮಾಡಿ, ಎದ್ದು ಹೋಗಲು ಸಮಯ ಕಾಯುತ್ತಿದ್ದಾಳೆ ಅನ್ನಿಸಿತು.

ಮಧ್ಯಾಹ್ನ ಬಾಣಂತಿಗೆ ಜೊಂಪು ಹತ್ತಿತು. ದಾನಮ್ಮ ಮಗುವನ್ನು ಮೆಲ್ಲಗೆ ಎತ್ತಿಕೊಂಡಳು. ತನ್ನ ಕೋಣೆಗೆ ಒಯ್ದು, ಎರಡು ಸುತ್ತು ಬಟ್ಟೆ ಸುತ್ತಿ, ಚಾಪೆಯ ಮೇಲೆ ಮಲಗಿಸಿದಳು. ಬಾಗಿಲಿಗೆ ಬೆನ್ನು ಕೊಟ್ಟು ಕೂತಳು.

ಮಗು ಅತ್ತಿತು. ದನಿ ಸಣ್ಣದಾಯಿತು. ಆಮೇಲೆ ಸುಮ್ಮನಾಯಿತು. ನಿದ್ದೆ ಹೋಯಿತು ಅಂದುಕೊಂಡಳು.

ಎಷ್ಟೋ ಹೊತ್ತಿನ ಮೇಲೆ ಅದರ ಪಾದ ಮುಟ್ಟಿದಳು. ತಣ್ಣಗಿತ್ತು. ಬಟ್ಟೆಯೊಳಗೆ ಕೈ ಹಾಕಿದಳು. ಹೊಟ್ಟೆಯೂ ತಣ್ಣಗಿತ್ತು. ಮಗುವಿನ ಕೈ ಎತ್ತಿ ಬಿಟ್ಟರೆ ಹಾಗೇ ಬಿತ್ತು.

ಮಗುವನ್ನು ಎತ್ತಿಕೊಂಡು ಓಡಿದಳು.

ಸಿದ್ಧಮ್ಮತಾಯಿ ಸುತ್ತಿದ ಬಟ್ಟೆ ಬಿಚ್ಚಿ, ಮಗುವನ್ನು ತಾಯಿಯ ಬರಿಯ ಎದೆಯ ಮೇಲೆ ಕವುಚಿ ಮಲಗಿಸಿದರು. ಇಬ್ಬರ ಮೇಲೂ ಕಂಬಳಿ ಹೊದಿಸಿದರು.

"ಯಾಕ ಒಯ್ದಿದ್ರಿ, ಅಕ್ಕಾ?" ಎಂದಳು ಹುಲಿಗೆವ್ವ.

ದಾನಮ್ಮ ಗುರುವಿನತ್ತ ತಿರುಗಿ ಹೇಳಿದಳು, "ಎರಡು ಸುತ್ತು ಸುತ್ತಿದ್ದೆನಲ್ಲ ಅಮ್ಮಾ."

"ಬಟ್ಟೆಗೆ ಸ್ವಂತ ಬಿಸಿ ಎಲ್ಲಿದೆ? ಹೊಟ್ಟೆಯೊಳಗೆ ಇದ್ದಷ್ಟು ದಿನ ತಾಯಿಯ ಬಿಸಿಯೇ ಇದರ ಬಿಸಿ. ಹೊರಗೆ ಬಂದ ಮೇಲೆ ತನ್ನ ಬಿಸಿ ಕಾಪಾಡಿಕೊಳ್ಳುವುದು ನಿಧಾನಕ್ಕೆ ಬರುತ್ತದೆ. ಅಲ್ಲಿಯವರೆಗೆ, ಈ ಚಳಿಯಲ್ಲಿ ಎದೆಯಿಂದ ಇಳಿಸಿದರೆ, ಸ್ವಲ್ಪ ಹೊತ್ತಿಗೇ ತಣ್ಣಗಾಗುತ್ತದೆ."

ಮೂವರೂ ಕಾದರು. ಕಂಬಳಿಯೊಳಗೆ ಏನೋ ಅಲುಗಾಡಿತು. ಮಗು ತಲೆ ಹೊರಳಿಸಿ ಬಾಯಿಂದ ಹುಡುಕತೊಡಗಿತು. ದಾನಮ್ಮ ಹೆದರುತ್ತಲೇ ಅದರ ಪಾದ ಮುಟ್ಟಿದಳು. ಬಿಸಿ ಮರಳುತ್ತಿತ್ತು.

ಸಂಜೆಗೆ ಗಾಡಿ ಬಂತು. "ಎತ್ತು ಕುಂಟಿತ್ರಿ, ತಡ ಆತು" ಎಂದ ಹುಲಿಗೆವ್ವನ ಗಂಡ. ಅವಳು ಮಗುವನ್ನು ಸೆರಗಿನೊಳಗೆ ಎದೆಗೆ ಒತ್ತಿಕೊಂಡು ಗಾಡಿ ಹತ್ತಿದಳು. ದಾನಮ್ಮ ತನ್ನ ಕಂಬಳಿ ಕೊಟ್ಟಳು. ಹುಲಿಗೆವ್ವ ಅವಳ ಮುಖ ನೋಡದೆ ತೆಗೆದುಕೊಂಡಳು.

ಗಾಡಿ ಮರೆಯಾದ ಮೇಲೆ ಸಿದ್ಧಮ್ಮತಾಯಿ ಕೇಳಿದರು, "ಅವಳ ಮೇಲೆ ಅಷ್ಟು ಅನುಮಾನ ಯಾಕೆ?"

"ಇವಳಿಗೆ ಮಗು ಬೇಡ, ಬಿಟ್ಟು ಹೋಗುತ್ತಾಳೆ ಅಂದುಕೊಂಡೆ. ನನ್ನನ್ನು ಹೆತ್ತವಳು ಮಾಡಿದ್ದು ಅದೇ ಅಲ್ಲವೇ? ಹುಟ್ಟಿದ ದಿನವೇ ಈ ಆಶ್ರಮದ ಬಾಗಿಲಲ್ಲಿ ಎಸೆದು ಹೋದಳು."

"ಎಸೆದಳು ಅಂತ ಯಾರು ಹೇಳಿದರು?"

"ನೀವೇ ಹೇಳಿದಿರಿ. ಇಂಥದೇ ಚಳಿಯಲ್ಲಿ, ಹಳೆ ಸೀರೆಯ ತುಂಡಿನಲ್ಲಿ, ಹೊಸಿಲ ಹತ್ತಿರ ಸಿಕ್ಕೆ ಅಂತ."

ಸಿದ್ಧಮ್ಮತಾಯಿ ಅವಳತ್ತ ತಿರುಗಿದರು.

"ಹೌದು. ನಾನು ಎತ್ತಿಕೊಂಡಾಗ ನೀನು ಇನ್ನೂ ಬೆಚ್ಚಗಿದ್ದೆ."